‘ಪವಿತ್ರಗೊಳಿಸು’ ಅಂದರೆ ಒಗೆಯುವುದಾ, ಎತ್ತಿಡುವುದಾ?

ಡಿಟಿಪಿ ಅಂಗಡಿಯವ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ಒಂದು ಶಬ್ದ ಮೂರು ದಿನದಿಂದ ತಲೆ ತಿನ್ನುತ್ತಿದೆ. ಇಲ್ಲಿ ಬಲ್ಲವರು ಇದ್ದೀರಿ ಅಂತ ಕೇಳುತ್ತಿದ್ದೇನೆ.

ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆ ಹ್ಯಾಂಡ್‌ಬಿಲ್, ವಾಸ್ತುಶಾಂತಿ ಕಾರ್ಡು, ಇವೇ ಹೊಟ್ಟೆಪಾಡು. ಹೋದ ವಾರ ಬೆಟಗೇರಿಯಿಂದ ಒಬ್ಬ ಹಿರಿಯರು ಬಂದು 32 ಪುಟದ ಇಂಗ್ಲಿಷ್ ಪುಸ್ತಿಕೆ ಕೊಟ್ಟರು. ಬೈಬಲ್ ಪಾಠದ್ದು. ಟೈಪ್ ಮಾಡುವವನೇ ಕನ್ನಡವನ್ನೂ ಮಾಡಿಕೊಡಬೇಕಂತೆ. ಹ್ಞೂಂ ಅಂದುಬಿಟ್ಟೆ, ಅಲ್ಲೇ ಸಿಕ್ಕಿಬಿದ್ದೆ. ಇಡೀ ಪುಸ್ತಿಕೆ ಒಂದೇ ಹೀಬ್ರೂ ಕ್ರಿಯಾಪದದ ಮೇಲಿದೆ. ಕಾದಶ್ ಅಂತ. ಇಂಗ್ಲಿಷಿನಲ್ಲಿ ಅದನ್ನೇ ಒಂದು ಕಡೆ ಸ್ಯಾಂಕ್ಟಿಫೈ, ಒಂದು ಕಡೆ ಕಾನ್ಸಿಕ್ರೇಟ್, ಇನ್ನೊಂದು ಕಡೆ ಹ್ಯಾಲೋ ಅಂತ ಹಾಕಿದ್ದಾರೆ. ಮೂರೂ ಒಂದೇ ಅಲ್ವಾ ಅಂತ ನಾನು ಸುಮ್ನೆ ಎಲ್ಲ ಕಡೆ ‘ಪವಿತ್ರಗೊಳಿಸು’ ಹಾಕಿ ಕೈ ತೊಳೆದುಕೊಂಡೆ.

ಹಿರಿಯರು ಪ್ರೂಫ್ ಓದಿದರು. ಕನ್ನಡಕ ತೆಗೆದು ಟೇಬಲ್ ಮೇಲೆ ಇಟ್ಟರು. ‘ತಮ್ಮಾ, ಇದು ಅರಿವಿ ಒಗದಂಗ ಕೇಳತದ. ಇಲ್ಲಿ ಒಗಿಯೋ ಮಾತ ಇಲ್ಲ, ತಗದ ಇಡೋ ಮಾತ ಐತಿ’ ಅಂದರು. ಬೇರೆ ಯಾವ ಶಬ್ದ ಹಾಕಲಿ ಅಂದರೆ, ‘ಅದನ್ನ ನೀ ಹುಡುಕು’ ಅಂತ ಎದ್ದು ಹೋದರು.

ಪಾವನ, ಪುನೀತ, ಪರಿಶುದ್ಧ, ಶುದ್ಧೀಕರಿಸು, ಪ್ರತಿಷ್ಠಾಪಿಸು, ಸಮರ್ಪಿಸು. ನನ್ನ ಚೀಲದಲ್ಲಿ ಇಷ್ಟೇ ಇದೆ. ಮೊದಲ ನಾಲ್ಕೂ ಸೋಪಿನ ವಾಸನೆ ಹೊಡೆಯುತ್ತವೆ. ತಗದ ಇಡೋ ಮಾತು ಕನ್ನಡದಲ್ಲಿ ಯಾವುದು?


ನಿವೃತ್ತ ಮಾಸ್ತರ, ಸಾಧನಕೇರಿ:

ಆ ಹಿರಿಯರ ಕಿವಿಗೆ ನನ್ನದೊಂದು ನಮಸ್ಕಾರ ಹೇಳಿ.

ಪವಿತ್ರ ಎಂಬುದು ಸಂಸ್ಕೃತದ ‘ಪೂ’ ಧಾತುವಿನಿಂದ ಬಂತು. ಪೂ ಅಂದರೆ ಶುಚಿ ಮಾಡು. ಪಾವನ, ಪೂತ, ಪುನೀತ, ಬೆಂಕಿಗೆ ಹೇಳುವ ಪಾವಕ, ಎಲ್ಲ ಅದೇ ಬಳ್ಳಿಯ ಕಾಯಿ. ಕೊನೆಯ ‘ತ್ರ’ ಇದೆಯಲ್ಲ, ಅದು ಸಾಧನವನ್ನು ಹೇಳುತ್ತದೆ. ಶಸ್ತ್ರ ಅಂದರೆ ಕತ್ತರಿಸುವ ಸಾಧನ. ಪವಿತ್ರ ಅಂದರೆ ಶುಚಿ ಮಾಡುವ ಸಾಧನ. ವೇದದಲ್ಲಿ ಸೋಮರಸ ಸೋಸುವ ಕುರಿ ಉಣ್ಣೆಯ ಸೋಸಣಿಗೆಗೆ ಪವಿತ್ರ ಅಂತಲೇ ಹೆಸರು. ಶ್ರಾದ್ಧದ ದಿನ ಬೆರಳಿಗೆ ಹಾಕುವ ದರ್ಭೆಯ ಉಂಗುರವೂ ಪವಿತ್ರವೇ. ಅಂದರೆ ಪವಿತ್ರ ಮೊದಲು ಒಂದು ವಸ್ತು. ಆಮೇಲೆ ಗುಣ ಆಯಿತು.

ಗೊಳಿಸು ಮಾತ್ರ ನಮ್ಮದು. ಕೊಳ್ಳು, ಕೊಳಿಸು, ಗೊಳಿಸು. ಒಂದು ಗುಣವನ್ನು ತೆಗೆದುಕೊಳ್ಳುವಂತೆ ಮಾಡುವುದು. ಹಾಗಾಗಿ ಪವಿತ್ರಗೊಳಿಸು ಅಂದಾಗ ಕೊಳೆ ಮೊದಲೇ ಇತ್ತು, ಈಗ ಸೋಸಿ ತೆಗೆದೆವು ಅನ್ನುವ ಧ್ವನಿ ಒಳಗೇ ಕೂತಿರುತ್ತದೆ.

ಆದರೂ ಒಂದು ಮಾತು. ಪದದ ಹುಟ್ಟು ಬೇರೆ, ಬಳಕೆ ಬೇರೆ. ಇವತ್ತು ಪವಿತ್ರ ಅಂದರೆ ಯಾರಿಗೂ ಸೋಸಣಿಗೆ ನೆನಪಾಗುವುದಿಲ್ಲ. ಹುಟ್ಟು ನೋಡಿ ಪದ ಬಿಡಲು ಹೊರಟರೆ ಅರ್ಧ ನಿಘಂಟು ಬಿಡಬೇಕಾಗುತ್ತದೆ. ನನ್ನ ಮತ ಕೇಳಿದರೆ ಪವಿತ್ರಗೊಳಿಸು ಇರಲಿ.


ಡಿಟಿಪಿ ಅಂಗಡಿಯವ, ಹುಬ್ಬಳ್ಳಿ:

ಮಾಸ್ತರೇ, ನೀವು ಹೇಳಿದ ಮೇಲೆ ನನಗೆ ಎಲ್ಲ ಕಡೆ ಚಹಾ ಸೋಸುವ ಜಾಳಿಗೆಯೇ ಕಾಣುತ್ತಿದೆ. ಇನ್ನು ಅದನ್ನು ಹಾಕುವುದು ಹೇಗೆ?


ಬೆಟಗೇರಿ ಓದುಗ:

ಆ ಹಿರಿಯರು ಯಾರು ಅಂತ ನನಗೆ ಸಂಶಯ ಇದೆ, ಹೇಳುವುದಿಲ್ಲ. ನಾನು ಸ್ವಲ್ಪ ಹೀಬ್ರೂ ಕಲಿತವನು, ಪರೀಕ್ಷೆಗೆ ಬೇಕಾಗುವಷ್ಟು. ಹಾಗಾಗಿ ಮೂಲದ ಕಡೆಯಿಂದ ಹೇಳುತ್ತೇನೆ.

ಮೂಲದಲ್ಲಿ ಇರುವುದು ಮೂರೇ ವ್ಯಂಜನ, ಕ-ದ-ಶ. ಅರಬ್ಬಿಯಲ್ಲಿ ಜೆರುಸಲೇಮಿಗೆ ಅಲ್-ಕುದ್ಸ್ ಅನ್ನುತ್ತಾರಲ್ಲ, ಅದೂ ಇದೇ ಮನೆತನ. ಹೀಬ್ರೂದವರು ಈ ಮೂರನ್ನು ಹಿಡಿದುಕೊಂಡು ಎರಕ ಬದಲಿಸುತ್ತಾರೆ, ನಾವು ಮಾಡು ಅನ್ನುವುದನ್ನು ಮಾಡಿಸು ಮಾಡಿದ ಹಾಗೆ. ಕಾದಶ್ ಅಂದರೆ ದೇವರದ್ದಾಗು. ಕಿದ್ದೇಶ್ ಅಂದರೆ ದೇವರದ್ದಾಗಿಸು, ಅಥವಾ ದೇವರದ್ದು ಅಂತ ತಿಳಿದು ನಡೆದುಕೋ. ಹಿಕ್ದೀಶ್ ಅಂದರೆ ಒಂದು ಮನೆಯನ್ನೋ ಹೊಲವನ್ನೋ ಇನ್ನು ನನ್ನದಲ್ಲ ಅಂತ ಕೊಟ್ಟುಬಿಡು. ಬೈಬಲಿನ ಯಾಜಕಕಾಂಡದ 27ನೇ ಅಧ್ಯಾಯದ ತುಂಬ ಇದೇ ಲೆಕ್ಕ. ಕೊಟ್ಟವನು ವಾಪಸ್ ಬಿಡಿಸಿಕೊಳ್ಳಬೇಕಾದರೆ ಬೆಲೆಯ ಮೇಲೆ ಐದರಲ್ಲಿ ಒಂದು ಪಾಲು ಜಾಸ್ತಿ ಕೊಡಬೇಕು.

ಇಂಗ್ಲಿಷಿನಲ್ಲಿ ಮೂರು ಶಬ್ದ ಯಾಕಾಯಿತು ಅಂದರೆ ಆ ಭಾಷೆಗೆ ಎರಡು ಮನೆ. ಸ್ಯಾಂಕ್ಟಿಫೈ, ಕಾನ್ಸಿಕ್ರೇಟ್ ಎರಡೂ ಲ್ಯಾಟಿನ್ನಿಂದ ಬಂದವು. ಹ್ಯಾಲೋ ಅವರ ಮನೆಯದೇ ಹಳೆಯ ಮಾತು, ಹೋಲಿ ಅನ್ನುವುದರ ಕ್ರಿಯಾಪದ. ಹ್ಯಾಲೋವೀನ್ ಹೆಸರಿನೊಳಗೆ ಇರುವುದು ಅದೇ, ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಅಂತ.

ಈಗ ಮುಖ್ಯ ಮಾತು. ಬೈಬಲಿನಲ್ಲಿ ಈ ಕ್ರಿಯಾಪದ ಮೊದಲು ಬರುವುದು ಆದಿಕಾಂಡ 2:3ರಲ್ಲಿ. ಅಲ್ಲಿ ಪವಿತ್ರ ಆದದ್ದು ಗುಡಿ ಅಲ್ಲ, ಪಾತ್ರೆ ಅಲ್ಲ, ಮನುಷ್ಯನೂ ಅಲ್ಲ. ಒಂದು ದಿನ. ಏಳನೆಯ ದಿನ. ದಿನವನ್ನು ಒಗೆಯಲು ಬರುತ್ತದೆಯೇ? ಅದಕ್ಕೇನು ಕೊಳೆ ಹತ್ತಿತ್ತು? ಉಳಿದ ಆರರಿಂದ ಅದನ್ನು ಬೇರೆ ತೆಗೆದಿಟ್ಟದ್ದು, ಅಷ್ಟೇ. ಯೆಹೂದಿಗಳ ಮದುವೆಗೂ ಇದೇ ಬೇರಿನ ಹೆಸರು, ಕಿದ್ದುಶಿನ್. ಮದುಮಗಳನ್ನು ಯಾರೂ ಸೋಸುವುದಿಲ್ಲವಲ್ಲ.


ಹೊಲದ ಬದು, ಹಾವೇರಿ ಕಡೆ:

ನನಗೆ ಹೀಬ್ರೂ ಗೊತ್ತಿಲ್ಲ, ಸಂಸ್ಕೃತವೂ ಗೊತ್ತಿಲ್ಲ. ನಮ್ಮದು ಒಕ್ಕಲುತನದ ಮನೆ. ಆದರೆ ದಿನವನ್ನು ತೆಗೆದಿಡುವ ಮಾತು ಬಂದಾಗ ಸುಮ್ಮನೆ ಕೂರಲು ಆಗಲಿಲ್ಲ.

ನಮ್ಮಲ್ಲಿ ಸೋಮವಾರ ಎತ್ತು ಹೂಡುವುದಿಲ್ಲ. ಬಸವಣ್ಣನ ವಾರ. ಹದ ಮೀರಿ ಹೋಗುತ್ತಿದ್ದರೂ, ಪಕ್ಕದ ಹೊಲದವರು ಬಾಡಿಗೆ ಟ್ರ್ಯಾಕ್ಟರ್ ತಂದು ಬಿತ್ತಿ ಮುಗಿಸಿದರೂ, ನಮ್ಮಪ್ಪ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ ಬಿಡುತ್ತಿದ್ದ. ಈಗ ನಮ್ಮಲ್ಲೂ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರ ಇಲ್ಲ.

ದ್ಯಾಮವ್ವನ ಜಾತ್ರೆ ಗೊತ್ತಾದರೆ ಊರಲ್ಲಿ ವಾರ ಹಿಡಿಯುತ್ತಾರೆ. ಇಷ್ಟು ಮಂಗಳವಾರ, ಇಷ್ಟು ಶುಕ್ರವಾರ ಅಂತ ಡಂಗುರ ಸಾರುತ್ತಾರೆ. ಆ ದಿನ ಹೊಲಕ್ಕೆ ಹೋಗುವಂತಿಲ್ಲ. ಬೀಸುವಂತಿಲ್ಲ, ಕುಟ್ಟುವಂತಿಲ್ಲ, ಕೆಲವು ಊರಲ್ಲಿ ಒಗ್ಗರಣೆ ಕೂಡ ಹಾಕುವಂತಿಲ್ಲ. ಊರಿಂದ ಊರಿಗೆ ನೇಮ ಬೇರೆ. ಶಬ್ದ ಮಾತ್ರ ಒಂದೇ, ‘ವಾರ ಹಿಡಿಯೋದು’. ಆ ದಿನಕ್ಕೆ ಏನೂ ಮಾಡುವುದಿಲ್ಲ ನೋಡಿ. ಏನೂ ಮಾಡದೆ ಇರುವುದೇ ಹಿಡಿಯುವುದು.

ಇನ್ನೊಂದು ಮಾತು ಅದರ ಉಲ್ಟಾ ಇದೆ, ಬಿಡು. ದೇವರಿಗೆ ಹೋರಿ ಬಿಟ್ಟರು ಅಂತೀವಿ. ಬಿಟ್ಟ ಮೇಲೆ ಅದಕ್ಕೆ ಮೂಗುದಾರ ಇಲ್ಲ, ನೊಗ ಇಲ್ಲ. ಯಾರ ಹೊಲದಲ್ಲಿ ಬಾಯಿ ಹಾಕಿದರೂ ಬಡಿಯುವವರಿಲ್ಲ, ಹೆಚ್ಚೆಂದರೆ ‘ಹೋಗೋ ಮಾರಾಯಾ’ ಅಂತ ಕೈ ಬೀಸಿ ಅಟ್ಟುತ್ತಾರೆ. ಹಿಡಿಯುವುದು, ಬಿಡುವುದು ಎರಡೂ ಒಂದೇ ಕೆಲಸ ಮಾಡುತ್ತವೆ ನಮ್ಮಲ್ಲಿ. ಇದಕ್ಕಿಂತ ಹೆಚ್ಚು ನನಗೆ ವ್ಯಾಕರಣ ಗೊತ್ತಿಲ್ಲ.


ಬೆಟಗೇರಿ ಓದುಗ:

ಅಣ್ಣಾ, ಧರ್ಮೋಪದೇಶಕಾಂಡ 15:19 ತೆಗೆದು ಓದಿ. ದನ ಕುರಿಗಳಲ್ಲಿ ಹುಟ್ಟಿದ ಚೊಚ್ಚಲ ಗಂಡನ್ನು ದೇವರಿಗೆ ಮೀಸಲು ಮಾಡಬೇಕು, ಚೊಚ್ಚಲ ಹೋರಿಯಿಂದ ಕೆಲಸ ಮಾಡಿಸಬಾರದು, ಚೊಚ್ಚಲ ಕುರಿಯ ಉಣ್ಣೆ ಕತ್ತರಿಸಬಾರದು ಅಂತಿದೆ. ಕ್ರಿಯಾಪದ ಅದೇ ಹಿಕ್ದೀಶ್. ಸಬ್ಬತ್ ಅನ್ನುವ ಆ ಏಳನೆಯ ದಿನದ ಆಜ್ಞೆಯಲ್ಲೂ, ಅದೇ ಕಾಂಡದ 5:14ರಲ್ಲಿ, ನಿನ್ನ ಎತ್ತೂ ಕತ್ತೆಯೂ ಕೆಲಸ ಮಾಡಬಾರದು ಅಂತ ಹೆಸರು ಹಿಡಿದೇ ಹೇಳಿದೆ. ನಿಮ್ಮ ಅಪ್ಪ ಇದನ್ನು ಓದಿರಲಿಕ್ಕಿಲ್ಲ. ಆದರೆ ಓದಿದ್ದರೆ ಒಂದು ಪದವೂ ಅಡ್ಡ ಬರುತ್ತಿರಲಿಲ್ಲ.


ಬೈಪಾಸ್ ರೋಡ್:

ಖಂಡೇ ಪೂಜೆ, ಅಂದರೆ ದಸರೆಯ ಆಯುಧ ಪೂಜೆ, ಮರೆತಿರಾ? ಚಿಕ್ಕವರಿದ್ದಾಗ ಪಾಟಿ ಪುಸ್ತಕ ಎಲ್ಲ ಪೂಜೆಗೆ ಇಡುತ್ತಿದ್ದೆವು. ಇಟ್ಟ ಮೇಲೆ ಎತ್ತುವವರೆಗೆ ಮುಟ್ಟುವಂತಿಲ್ಲ. ನಾನು ಬೇಕಂತಲೇ ಗಣಿತದ ಪುಸ್ತಕ ಎಲ್ಲಕ್ಕಿಂತ ಕೆಳಗೆ ಇಡುತ್ತಿದ್ದೆ. ಇದಕ್ಕಿಂತ ಒಳ್ಳೆಯ ಪಾವಿತ್ರ್ಯ ನಾನು ಕಂಡಿಲ್ಲ.

ಮತ್ತೆ ಪ್ರತಿಷ್ಠಾಪಿಸು ಮಾತ್ರ ಹಾಕಬೇಡಿ. ನಮ್ಮ ಹುಡುಗರಿಗೆ ಪ್ರತಿಷ್ಠೆ ಅಂದರೆ ಚುನಾವಣೆ ನೆನಪಾಗುತ್ತದೆ. ‘ಪ್ರತಿಷ್ಠೆಯ ಕಣ’.


ಡಿಟಿಪಿ ಅಂಗಡಿಯವ, ಹುಬ್ಬಳ್ಳಿ:

ಮೀಸಲು! ಬೆಟಗೇರಿಯವರು ನಡುವೆ ಒಂದು ಕಡೆ ಅದನ್ನೇ ಬಳಸಿದ್ದೀರಿ, ನೀವೇ ಗಮನಿಸಿಲ್ಲ ಅನಿಸುತ್ತದೆ. ನಮ್ಮ ಅಜ್ಜಿ ಹಬ್ಬದ ದಿನ ಅಡುಗೆ ಆದ ಕೂಡಲೇ ದೇವರ ಪಾಲು ಬೇರೆ ಎತ್ತಿಡುತ್ತಿದ್ದರು. ಹುಡುಗರು ಕೈ ಹಾಕಿದರೆ ‘ಮೀಸಲ ಮುರೀಬ್ಯಾಡ್ರೋ’ ಅಂತ ಬೈಗುಳ. ಮೀಸಲು ಅಂದರೆ ಇನ್ನೂ ಯಾರೂ ಮುಟ್ಟದ್ದು, ಮೊದಲು ದೇವರಿಗೆ ಅಂತ ಇಟ್ಟದ್ದು. ಹೋಳಿಗೆ ಅದೇ ಹಿಟ್ಟಿನದು, ಅದೇ ಹೂರಣದ್ದು. ಬೇರೆ ತಾಟಿನಲ್ಲಿ ಇಟ್ಟ ಕೂಡಲೇ ಬೇರೆ ಆಯಿತು. ಅದಕ್ಕೆ ನೀರೂ ಚಿಮುಕಿಸಿಲ್ಲ, ಮಂತ್ರವೂ ಹೇಳಿಲ್ಲ.

ತೊಂದರೆ ಏನು ಅಂದರೆ ಈ ಶಬ್ದವನ್ನು ಸರ್ಕಾರ ಎತ್ತಿಕೊಂಡು ಹೋಗಿದೆ. ಮೀಸಲು ಅರಣ್ಯ, ಮೀಸಲು ಪೊಲೀಸ್, ಮೀಸಲು ಕ್ಷೇತ್ರ. ‘ದೇವರು ಏಳನೇ ದಿನವನ್ನು ಮೀಸಲಾಗಿಟ್ಟನು’ ಅಂತ ಬರೆದರೆ ಓದುವವರು ಗೆಜೆಟ್ ಅಂದುಕೊಳ್ಳುತ್ತಾರೇನೋ.


ನಿವೃತ್ತ ಮಾಸ್ತರ, ಸಾಧನಕೇರಿ:

ಸರ್ಕಾರದವರು ಸರಿಯಾದ ಅರ್ಥದಲ್ಲೇ ಬಳಸಿದ್ದಾರೆ. ಇನ್ನೊಬ್ಬರು ಮುಟ್ಟದ ಹಾಗೆ ತೆಗೆದಿಡುವುದು. ಶಬ್ದ ಕೆಟ್ಟಿಲ್ಲ.


ಲಕ್ಕುಂಡಿ ದಾರಿ:

ಹಾವೇರಿಯ ಅಣ್ಣ ಹೇಳಿದ ‘ಬಿಡು’ ಬಗ್ಗೆ ಒಂದು ಸೇರಿಸುತ್ತೇನೆ. ಅದು ಹಳ್ಳಿಯ ಮಾತು ಅಷ್ಟೇ ಅಲ್ಲ, ಕಲ್ಲಿನ ಮಾತು ಕೂಡ.

ಲಕ್ಕುಂಡಿ, ಗದಗ, ಲಕ್ಷ್ಮೇಶ್ವರ, ಹಾನಗಲ್ಲು, ಈ ಕಡೆ ಕಲ್ಯಾಣ ಚಾಲುಕ್ಯರ ಕಾಲದ ಶಾಸನ ಎಷ್ಟು ಇವೆ ಅಂದರೆ ಗುಡಿ ಗೋಡೆಗೆ ಬೆನ್ನು ಕೊಟ್ಟು ಕೂತರೆ ಅಕ್ಷರ ಚುಚ್ಚುತ್ತದೆ. ದೇವರಿಗೆ ಭೂಮಿ ಕೊಟ್ಟಾಗ ಇವುಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಬಿಟ್ಟ’, ‘ಬಿಟ್ಟರ್’. ಇಂತಿಷ್ಟು ಮತ್ತರು (ಆಗಿನ ಭೂಮಿ ಅಳತೆ) ಕೆಯ್, ಅಂದರೆ ಹೊಲ, ಬಿಟ್ಟರು, ಗಾಣ ಬಿಟ್ಟರು, ಹೂದೋಟ ಬಿಟ್ಟರು. ಆಚಾರ್ಯರ ಕಾಲು ತೊಳೆದು ಧಾರೆ ಎರೆದು ಬಿಟ್ಟರು ಅಂತ. ನೋಡಿ, ಇಲ್ಲಿ ತೊಳೆದದ್ದು ಭೂಮಿಯನ್ನಲ್ಲ, ತೆಗೆದುಕೊಳ್ಳುವವರ ಕಾಲನ್ನು. ಭೂಮಿಗೆ ಆದದ್ದು ಬಿಡುವುದು ಮಾತ್ರ. ಕೊಟ್ಟವನ ಕೈಯಿಂದ ಅದು ಕಳಚಿತು. ಕೊನೆಯಲ್ಲಿ ಶಾಪ ಇರುತ್ತದೆ. ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಬರಲಿ ಅಂತ. ಆ ಶಾಪವೇ ಬೇಲಿ.

ಅಂದರೆ ಯಾಜಕಕಾಂಡದ ಹೊಲಕ್ಕೆ ಹೊಸ ಶಬ್ದ ಹುಡುಕಬೇಕಾಗಿಲ್ಲ. ಒಂಬೈನೂರು ವರ್ಷದ ಹಿಂದೆಯೇ ಕೆತ್ತಿಟ್ಟಿದ್ದಾರೆ.


ಲಕ್ಷ್ಮೇಶ್ವರದವಳು:

ನೀವೆಲ್ಲ ಒಂದು ಶಬ್ದ ಬಿಟ್ಟಿರಿ. ಓದಿಸು.

ನಮ್ಮ ಕಡೆ ದರ್ಗಾಕ್ಕೆ ಹೋಗುವಾಗ ಸಕ್ಕರೆ ಕಟ್ಟಿಕೊಂಡು ಹೋಗುತ್ತೇವೆ, ಹಿಂದೂಗಳೂ ಹೋಗುತ್ತೇವೆ. ಮೊಹರಂನಲ್ಲಿ ಅಲಾಯಿ ದೇವರು ಕೂಡಿಸಿದಾಗಲೂ ಅಷ್ಟೇ. ಮುಲ್ಲಾಗೆ ಕೊಟ್ಟು ‘ಸಕ್ಕರಿ ಓದಿಸ್ಕೊಂಡ ಬಾ’ ಅಂತ ಅವ್ವ ಕಳಿಸುತ್ತಿದ್ದಳು. ಅವರು ಫಾತಿಹಾ ಓದಿ ಕೊಡುತ್ತಾರೆ. ಓದಿದ ಸಕ್ಕರೆ ಡಬ್ಬಿಯ ಸಕ್ಕರೆಗೆ ಬೆರೆಸುವಂತಿಲ್ಲ, ಚಹಾಕ್ಕೆ ಹಾಕುವಂತಿಲ್ಲ, ಕಾಲಿಗೆ ಬೀಳುವ ಹಾಗೆ ಚೆಲ್ಲುವಂತಿಲ್ಲ. ನಾಲಿಗೆಗೆ ಎರಡೂ ಒಂದೇ ರುಚಿ. ನಾನು ಚಿಕ್ಕವಳಿದ್ದಾಗ ಓದಿಸುವುದು ಅಂದರೆ ಸಕ್ಕರೆಗೆ ಅಕ್ಷರ ಕಲಿಸುವುದು ಅಂತ ತಿಳಿದಿದ್ದೆ. ಹಿಂದೂ ಮುಸ್ಲಿಂ ಇಬ್ಬರೂ ನಡೆದುಕೊಳ್ಳುವ ಶಿರಹಟ್ಟಿ ಫಕೀರೇಶ್ವರನ ನಾಡಿನವರು ನಾವು, ನಮಗೆ ಇದರಲ್ಲಿ ವಿಚಿತ್ರ ಏನೂ ಅನಿಸುತ್ತಿರಲಿಲ್ಲ.

ಇದನ್ನು ಬೈಬಲಿಗೆ ಹಾಕಿ ಅನ್ನುತ್ತಿಲ್ಲ. ಪಟ್ಟಿಯಲ್ಲಿ ಇರಲಿ ಅಂತ ಹೇಳಿದೆ.


ಧಾರವಾಡದ ಸೊಸೆ:

ಒಗೆಯುವ ಮಾತಿಗೆ ಎಲ್ಲರೂ ಮೂಗು ಮುರಿಯುತ್ತಿದ್ದೀರಿ, ಸ್ವಲ್ಪ ತಡೆಯಿರಿ. ಮಡಿ ಏನು ಮತ್ತೆ? ಮಡಿ ಅಂದರೆ ಒಗೆದ ಬಟ್ಟೆಯೇ. ಒಗೆಯುವವರು ಮಡಿವಾಳರು. ಒಗೆದು, ಯಾರೂ ಮುಟ್ಟದ ಹಾಗೆ ಎತ್ತರದ ಗಳಕ್ಕೆ ಕೋಲಿನಿಂದ ಹಾಕಿ ಒಣಗಿಸಿದ್ದು. ಅಲ್ಲಿ ಒಗೆಯುವುದೂ ಇದೆ, ತೆಗೆದಿಡುವುದೂ ಇದೆ. ಎರಡನ್ನೂ ನೀವು ಬೇರೆ ಬೇರೆ ಮನೆಯ ಮಾತಿನ ಹಾಗೆ ಮಾಡುತ್ತಿದ್ದೀರಿ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಮಡಿಯಲ್ಲಿದ್ದಾಗ ಹೊಸ್ತಿಲ ಹೊರಗೆ ನಿಂತು ‘ಅತ್ತೆಯವರ, ಉಪ್ಪು ಬೇಕ್ರೀ’ ಅಂತ ಕೂಗಬೇಕಿತ್ತು. ಒಂದು ಸಲ ಸೆರಗು ತಾಗಿತು. ಅಷ್ಟೇ. ಡಿಸೆಂಬರ್ ಚಳಿಯಲ್ಲಿ ಅವರು ಮತ್ತೆ ನೀರು ಹಾಕಿಕೊಂಡರು, ನನ್ನ ಜೊತೆ ಎರಡು ದಿನ ಮಾತಿಲ್ಲ. ನಾನು ಮನಸ್ಸಿನಲ್ಲೇ ಕೇಳಿಕೊಂಡೆ. ನನ್ನ ಮೈಲಿಗೆ ಅವರಿಗೆ ತಾಗುತ್ತದೆ ಅಂತಾದರೆ, ಅವರ ಮಡಿ ನನಗೆ ಯಾಕೆ ತಾಗಲಿಲ್ಲ?

ಪ್ರಸಾದದ ಕತೆ ಬೇರೆ. ನೈವೇದ್ಯ ಮಾಡಿದ ಒಂದು ಹಿಡಿ ಅನ್ನವನ್ನು ದೊಡ್ಡ ಹಂಡೆಗೆ ಬೆರೆಸಿದರೆ ಇಡೀ ಹಂಡೆ ಪ್ರಸಾದ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ನಮ್ಮ ಕಡೆಯ ಮಠಗಳಲ್ಲಿ ಊಟ ಮಾಡಿ ಅನ್ನುವುದೇ ಇಲ್ಲ, ‘ಪ್ರಸಾದ ಮಾಡ್ರಿ’ ಅಂತಾರೆ. ಪಂಕ್ತಿಯಲ್ಲಿ ಕೂತವನು ಯಾರು, ಸ್ನಾನ ಮಾಡಿದ್ದಾನೋ ಇಲ್ಲವೋ, ಯಾರೂ ಕೇಳುವುದಿಲ್ಲ. ಮಡಿ ಮುಟ್ಟಿದರೆ ಹೋಗುತ್ತದೆ, ಪ್ರಸಾದ ಮುಟ್ಟಿದರೆ ಹಬ್ಬುತ್ತದೆ. ನಿಮ್ಮ ಕಾದಶ್ ಇವೆರಡರಲ್ಲಿ ಯಾವ ಜಾತಿ, ಅದನ್ನು ಹೇಳಿ ಮೊದಲು.


ಬೆಟಗೇರಿ ಓದುಗ:

ಅಕ್ಕಾ, ನಿಮ್ಮ ಪ್ರಶ್ನೆಯನ್ನು ಪ್ರವಾದಿ ಹಗ್ಗಾಯ ಕೇಳಿದ್ದಾನೆ. ಸುಳ್ಳಲ್ಲ. ಹಗ್ಗಾಯ 2:12 ಮತ್ತು 13. ಒಬ್ಬ ದೇವರಿಗೆ ಮೀಸಲಾದ ಮಾಂಸವನ್ನು ಬಟ್ಟೆಯ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದಾನೆ. ಆ ಸೆರಗು ರೊಟ್ಟಿಗೋ ಎಣ್ಣೆಗೋ ತಾಗಿದರೆ ಅದು ಪವಿತ್ರ ಆಗುತ್ತದೋ? ಯಾಜಕರು ಇಲ್ಲ ಅಂದರು. ಹೆಣ ಮುಟ್ಟಿ ಮೈಲಿಗೆ ಆದವನು ಅದನ್ನೇ ಮುಟ್ಟಿದರೆ? ಮೈಲಿಗೆ ಆಗುತ್ತದೆ ಅಂದರು. ಸೆರಗು ಕೂಡ ಅಲ್ಲೇ ಇದೆ ನೋಡಿ.

ಆದರೆ ಪ್ರಸಾದದ ಕಡೆಯವರೂ ಇದ್ದಾರೆ. ವಿಮೋಚನಕಾಂಡ 29:37ರಲ್ಲಿ ಬಲಿಪೀಠಕ್ಕೆ ತಾಗಿದ್ದೆಲ್ಲ ಪವಿತ್ರ ಆಗುತ್ತದೆ ಅಂತಿದೆ. ಮತ್ತಾಯ 23:19ರಲ್ಲಿ ಯೇಸು ಕೇಳುವುದೂ ಇದನ್ನೇ. ಯಾವುದು ದೊಡ್ಡದು, ಕಾಣಿಕೆಯೋ, ಕಾಣಿಕೆಯನ್ನು ಪವಿತ್ರ ಮಾಡುವ ಪೀಠವೋ? ಇನ್ನು ಯೆಶಾಯ 65:5ರಲ್ಲಿ ಒಬ್ಬರು ‘ದೂರ ನಿಲ್ಲು, ಹತ್ತಿರ ಬರಬೇಡ, ನಾನು ನಿನಗಿಂತ ಪವಿತ್ರ’ ಅನ್ನುತ್ತಾರೆ. ಅಂಥವರು ತನ್ನ ಮೂಗಿಗೆ ಹೊಗೆ ಅಂತ ದೇವರು ಹೇಳುತ್ತಾನೆ. ನಿಮ್ಮ ಅತ್ತೆಯವರಿಗೆ ತೋರಿಸಬೇಡಿ.

ಅಂದರೆ ಒಂದೇ ಕ್ರಿಯಾಪದದ ಒಳಗೆ ಮಡಿಯೂ ಇದೆ, ಪ್ರಸಾದವೂ ಇದೆ. ಇಂಗ್ಲಿಷಿನವರಿಗೆ ಇದನ್ನು ವಿವರಿಸಲು ಪುಸ್ತಕ ಬೇಕು. ನಮಗೆ ಅಡುಗೆಮನೆ ಸಾಕು.


ಧಾರವಾಡದ ಸೊಸೆ:

ಅತ್ತೆ ಈಗ ಇಲ್ಲ. ಇದ್ದಿದ್ದರೆ ಖಂಡಿತ ತೋರಿಸುತ್ತಿದ್ದೆ.


ಗದಗಿನ ಟೀಚರ್:

ಎಲ್ಲ ಓದಿದೆ. ಹೋರಿ ಬಿಟ್ಟರು, ಹೊಲ ಬಿಟ್ಟರು ಅಂತ ಎಷ್ಟು ಪ್ರೀತಿಯಿಂದ ಬರೆದಿದ್ದೀರಿ. ‘ದೇವರಿಗೆ ಬಿಟ್ಟರು’ ಅನ್ನುವ ಮಾತನ್ನು ನಮ್ಮ ಕಡೆ ಇನ್ನೂ ಯಾರಿಗೆ ಹೇಳುತ್ತಿದ್ದರು ಅಂತ ಒಬ್ಬರೂ ಎತ್ತಲಿಲ್ಲ. ಗೊತ್ತಿಲ್ಲದೆ ಅಲ್ಲ ಅಂದುಕೊಂಡಿದ್ದೇನೆ.

ಹುಡುಗಿಯರನ್ನು. ಮುತ್ತು ಕಟ್ಟಿ, ಅಂದರೆ ದೇವದಾಸಿ ಮಾಡಿ, ಬಿಟ್ಟರು. ಮನೆಯಲ್ಲಿ ಗಂಡು ಮಕ್ಕಳಿಲ್ಲ ಅಂತ, ಮೈಯಲ್ಲಿ ಕಜ್ಜಿ ಎದ್ದಿತು ಅಂತ, ತಲೆಯಲ್ಲಿ ಜಡೆ ಗಂಟಾಯಿತು ಅಂತ. ಬಹುಪಾಲು ದಲಿತರ ಮನೆಯ ಹುಡುಗಿಯರು. ಈ ಭಾಗ ಮುಂಬೈ ಪ್ರಾಂತ್ಯದಲ್ಲಿದ್ದಾಗ 1934ರಲ್ಲೇ ಇದರ ವಿರುದ್ಧ ಕಾಯ್ದೆ ಬಂತು. ಆಮೇಲೆ ಕರ್ನಾಟಕದ ಕಾಯ್ದೆ 1982ರದ್ದು. ಅದರ ಹೆಸರಲ್ಲೇ ನೋಡಿ, ನಿಷೇಧ ಆಗಿರುವುದು ‘ಸಮರ್ಪಣೆ’. ಡಿಟಿಪಿಯವರ ಚೀಲದ ಕೊನೆಯ ಶಬ್ದ. ಹುಡುಗಿ ಒಪ್ಪಿದ್ದಳು ಅಂದರೂ ಅಪರಾಧವೇ ಅಂತ ಆ ಕಾಯ್ದೆ ಹೇಳಿತ್ತು.

ಬಿಟ್ಟ ಹೋರಿ ಯಾರದ್ದೂ ಅಲ್ಲ, ಹಾಗಾಗಿ ಅದನ್ನು ಯಾರೂ ಮುಟ್ಟುವುದಿಲ್ಲ. ಬಿಟ್ಟ ಹುಡುಗಿ ಯಾರದ್ದೂ ಅಲ್ಲ ಅಂದಾಗ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅದೇ ಕ್ರಿಯಾಪದ. ನನ್ನ ತರಗತಿಯಲ್ಲಿ ಅಪ್ಪನ ಹೆಸರಿನ ಜಾಗ ಖಾಲಿ ಬಿಟ್ಟ ಅರ್ಜಿ ನೋಡಿದ್ದೇನೆ. ಅಲ್ಲೂ ‘ಬಿಟ್ಟ’ ಅಂತಲೇ ಬರೆಯಬೇಕಾಗಿ ಬಂತು, ಕ್ಷಮಿಸಿ.

ಶಬ್ದ ಬಳಸಬೇಡಿ ಅನ್ನುವುದಿಲ್ಲ. ಆದರೆ ಪುಸ್ತಿಕೆಯಲ್ಲಿ ಮನುಷ್ಯರನ್ನು ದೇವರಿಗೆ ಕೊಡುವ ಮಾತು ಬಂದಲ್ಲಿ ‘ಬಿಡು’ ಹಾಕಬೇಡಿ. ಬೆಟಗೇರಿಯಲ್ಲಿ ಅದನ್ನು ಓದುವ ಹೆಂಗಸರಲ್ಲಿ ಯಾರಿಗೆ ಅದು ಹೇಗೆ ಕೇಳುತ್ತದೋ.


ಹೊಲದ ಬದು, ಹಾವೇರಿ ಕಡೆ:

ಟೀಚರ್, ತಪ್ಪಾಯಿತು. ನನಗೆ ಗೊತ್ತಿತ್ತು. ಬರೆಯುವಾಗ ನೆನಪಾಗಲಿಲ್ಲ ಅಂದರೆ ಅರ್ಧ ಸುಳ್ಳು.


ಬೆಟಗೇರಿ ಓದುಗ:

ನಾನೂ ಒಂದನ್ನು ಹೇಳದೆ ಬಿಟ್ಟಿದ್ದೆ. ಹೀಬ್ರೂವಿನಲ್ಲೂ ಅದೇ ಮೂರು ಅಕ್ಷರದಿಂದ ಹುಟ್ಟಿದ ‘ಕೆದೇಶಾ’ ಅನ್ನುವ ಶಬ್ದ ಇದೆ. ತೆಗೆದಿಟ್ಟವಳು ಅಂತ ಬಿಡಿಸಬಹುದು. ಧರ್ಮೋಪದೇಶಕಾಂಡ 23:17ರಲ್ಲಿ ಇಸ್ರಾಯೇಲರ ಹೆಣ್ಣುಮಕ್ಕಳಲ್ಲಿ ಅಂಥವಳು ಇರಬಾರದು ಅಂತ ಕಟ್ಟಪ್ಪಣೆ. ಅವಳ ಕೆಲಸ ನಿಜಕ್ಕೂ ಏನಾಗಿತ್ತು ಅಂತ ಪಂಡಿತರು ಇನ್ನೂ ಜಗಳ ಆಡುತ್ತಾರೆ. ಕೆಲವರು ಗುಡಿಗೆ ಸಂಬಂಧವೇ ಇಲ್ಲ ಅನ್ನುತ್ತಾರೆ. ಆದರೆ ದೇವರ ದಿನಕ್ಕೆ ಬಳಸಿದ ಅಕ್ಷರಗಳೇ ಅವಳ ಹೆಸರಲ್ಲೂ ಇವೆ, ಅದನ್ನು ಅಲ್ಲಗಳೆಯಲು ಬರುವುದಿಲ್ಲ. ಟೀಚರ್ ಹೇಳಿದ್ದು ಸರಿ. ಮನುಷ್ಯರ ಕಡೆ ಬೇರೆ ಶಬ್ದ ಇರಲಿ.


ಡಿಟಿಪಿ ಅಂಗಡಿಯವ, ಹುಬ್ಬಳ್ಳಿ:

ಎರಡು ದಿನ ಅಂಗಡಿಯಲ್ಲಿ ಲಗ್ನದ ಗದ್ದಲ, ಇಲ್ಲಿ ಬರಲು ಆಗಲಿಲ್ಲ. ಎಲ್ಲರಿಗೂ ದೊಡ್ಡ ಉಪಕಾರ.

ಈಗ ಹೀಗೆ ಮಾಡಿದ್ದೇನೆ. ದಿನಕ್ಕೆ ‘ಮೀಸಲಾಗಿಡು’. ಹೊಲ, ಮನೆ, ಚೊಚ್ಚಲ ಹೋರಿಗೆ ‘ದೇವರಿಗೆ ಬಿಡು’. ಪೀಠಕ್ಕೆ ತಾಗಿದ ವಸ್ತುವಿಗೆ ‘ಪವಿತ್ರವಾಗು’. ಪ್ರಸಾದವಾಗು ಅಂತ ಹಾಕಲು ಕೈ ತುರಿಸಿತು, ಹಾಕಲಿಲ್ಲ. ಯಾಜಕರಿಗೆ, ಜನರಿಗೆ ‘ದೇವರ ಸೇವೆಗೆ ಬೇರ್ಪಡಿಸು’. ಸ್ವಲ್ಪ ಒಣಗಿದೆ, ಆದರೆ ಯಾರಿಗೂ ಚುಚ್ಚುವುದಿಲ್ಲ.

ಹ್ಯಾಲೋ ಮಾತ್ರ ನನಗೆ ತಿಳಿಯುತ್ತಿಲ್ಲ. ದೇವರ ಹೆಸರನ್ನು ಮನುಷ್ಯ ಹೇಗೆ ಪವಿತ್ರ ಮಾಡುತ್ತಾನೆ? ಅದು ಮೊದಲೇ ಆಗಿದೆಯಲ್ಲ?


ಬೆಟಗೇರಿ ಓದುಗ:

ಅದಕ್ಕೆ ಹೊಸದು ಹುಡುಕಬೇಡಿ. ನಮ್ಮ ಸಭೆಗಳಲ್ಲಿ, ಅಂದರೆ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ, ಹೇಳುವ ಪ್ರಾರ್ಥನೆಯಲ್ಲಿ ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ’ ಅಂತಿದೆ. ಕಥೋಲಿಕರು ‘ಪೂಜಿತವಾಗಲಿ’ ಅನ್ನುತ್ತಾರೆ. ಹಳಬರಿಗೂ ನಿಮ್ಮ ಪ್ರಶ್ನೆ ಬಂದಿರಬೇಕು, ಅದಕ್ಕೇ ‘ಎಣಿಸು’ ತಂದರೇನೋ. ಆಗಿಸುವುದಲ್ಲ, ಹಾಗೆಂದು ಕಾಣುವುದು. ಯಾಜಕಕಾಂಡ 22:32ರಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. ಜನ ನನ್ನನ್ನು ಪವಿತ್ರ ಅಂತ ಕಾಣಲಿ, ನಿಮ್ಮನ್ನು ಪವಿತ್ರ ಮಾಡುವವನು ನಾನು ಅಂತ. ಹೋಗುವಾಗ ಒಂದು ಅರ್ಥ, ಬರುವಾಗ ಇನ್ನೊಂದು.


ನಿವೃತ್ತ ಮಾಸ್ತರ, ಸಾಧನಕೇರಿ:

‘ಸ್ವಾಮಿಗಳು ಬಂದು ಮನೆ ಪಾವನ ಮಾಡಿದರು’ ಅನ್ನುತ್ತೇವೆ. ಮನೆಯವರೇ ಸ್ವಾಮಿಗಳನ್ನು ಪಾವನ ಮಾಡಿದರು ಅನ್ನುವುದಿಲ್ಲ, ಕಾಲು ತೊಳೆದವರು ಮನೆಯವರೇ ಆದರೂ. ಎಣಿಸು ಒಳ್ಳೆಯ ಶಬ್ದ.

ಒಂದು ಕೇಳಲಾ? ನನ್ನ ಪವಿತ್ರಗೊಳಿಸು ಎಲ್ಲೂ ಉಳಿಯಲಿಲ್ಲವೇ?


ಡಿಟಿಪಿ ಅಂಗಡಿಯವ, ಹುಬ್ಬಳ್ಳಿ:

ಉಳಿದಿದೆ ಮಾಸ್ತರೇ. ಪುಟ 19. ನಿನ್ನೆ ಹಿರಿಯರು ಎರಡನೇ ಪ್ರೂಫ್ ನೋಡಲು ಬಂದಿದ್ದರು. ವಿಮೋಚನಕಾಂಡ 19:10. ಸೀನಾಯಿ ಬೆಟ್ಟದ ಬುಡದಲ್ಲಿ ಮೋಶೆಗೆ ದೇವರು ಹೇಳುವ ಮಾತು. ಜನರ ಬಳಿಗೆ ಹೋಗು, ಇವತ್ತು ನಾಳೆ ಅವರನ್ನು ಪವಿತ್ರಗೊಳಿಸು, ಅವರು ಬಟ್ಟೆ ಒಗೆದುಕೊಳ್ಳಲಿ. ಅದೇ ಕಿದ್ದೇಶ್, ಪಕ್ಕದಲ್ಲೇ ಬಟ್ಟೆ ಒಗೆಯುವುದು.

ನಾನು ಬೆರಳಿಟ್ಟು ತೋರಿಸಿದೆ. ‘ಹಿರ್ಯಾರ, ಇಲ್ಲಿ ಅರಿವಿ ಒಗಿಯೋ ಮಾತ ಐತಲ್ಲರಿ’ ಅಂದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ನನ್ನ ಪೆನ್ನು ತೆಗೆದುಕೊಂಡು ಆ ಸಾಲಿನ ಬದಿಗೆ ಸರಿ ಅಂತ ಗುರುತು ಹಾಕಿದರು. ‘ಅದೊಂದ ಇರ್ಲಿ’ ಅಂದರು. ನಗಲಿಲ್ಲ, ಆದರೆ ಚಹಾ ತಾವೇ ಹೇಳಿದರು.

ಪುಟ ಈಗ 36 ಆಗಿದೆ. ಯಾರಾದರೂ ಕೊನೆಯ ಪ್ರೂಫ್ ನೋಡಿಕೊಟ್ಟರೆ ಅನುಕೂಲ.


ನಿವೃತ್ತ ಮಾಸ್ತರ, ಸಾಧನಕೇರಿ:

ನಾನು ನೋಡುತ್ತೇನೆ. ಅಕ್ಷರ ಸ್ವಲ್ಪ ದೊಡ್ಡದು ಮಾಡಿ, ಒಂದೇ ಮಗ್ಗುಲಿಗೆ ಪ್ರಿಂಟ್ ತೆಗೆದು ಕಳಿಸಿ. ಮೊಬೈಲಿನಲ್ಲಿ ನನಗೆ ಒತ್ತಕ್ಷರ ಕಾಣುವುದಿಲ್ಲ.